ಎರ್ಗಶ್ ಬಾಗಿಲು ಬಿಚ್ಚಿದ ದಿನ

ಮರ್ಗಿಲಾನ್ ಊರಿನ ಬಣ್ಣಗಾರರ ಓಣಿಯಲ್ಲಿ ಎರ್ಗಶ್‌ನಷ್ಟು ಮನೆ ರಿಪೇರಿ ಮಾಡಿದವನು ಇನ್ನೊಬ್ಬನಿರಲಿಲ್ಲ. ಅವನ ಮನೆಯಷ್ಟು ರಿಪೇರಿಗೆ ಬಂದ ಮನೆಯೂ ಇನ್ನೊಂದಿರಲಿಲ್ಲ. ಈ ಎರಡು ಸಂಗತಿಗಳಿಗೆ ಏನಾದರೂ ಸಂಬಂಧ ಇದೆಯೇ ಎಂದು ಓಣಿಯ ಗಂಡಸರು ಚಹಾದಂಗಡಿಯಲ್ಲಿ ಕೂತು ಆಗಾಗ ಚರ್ಚೆ ಮಾಡುತ್ತಿದ್ದರು. ಎರ್ಗಶ್ ಆ ಚರ್ಚೆಗೆ ಹೋಗುತ್ತಿರಲಿಲ್ಲ. ಅವನಿಗೆ ಪುರುಸೊತ್ತಿರುತ್ತಿರಲಿಲ್ಲ.

ಕಸುಬಿನಲ್ಲಿ ಅವನು ರೇಷ್ಮೆ ನೂಲಿಗೆ ಬಣ್ಣ ಅದ್ದುವವನು. ದಾಳಿಂಬೆ ಸಿಪ್ಪೆಯ ಹಳದಿಯಲ್ಲೇ ಏಳು ಬಗೆ ಹೇಳಬಲ್ಲ. ಹಾಗಾಗಿ ಸುಣ್ಣ, ಪೇಂಟು, ವಾರ್ನಿಶ್ ಎಲ್ಲವೂ ತನ್ನ ಅಧಿಕಾರದೊಳಗೇ ಬರುತ್ತವೆ ಎಂದು ನಂಬಿದ್ದ. ಬರಬರುತ್ತ ಮರಗೆಲಸವನ್ನೂ ಅದಕ್ಕೆ ಸೇರಿಸಿಕೊಂಡ. ಕೊನೆಗೆ ಕರೆಂಟಿನ ಕೆಲಸವನ್ನೂ ಸೇರಿಸಿಕೊಂಡ.

ಕರೆಂಟು ಸೇರಿದ್ದು ಆರು ವರ್ಷದ ಹಿಂದೆ. ವಸಂತದ ಹೊಸವರ್ಷ ನವ್ರೂಜ್ ಹಬ್ಬಕ್ಕೆ ಮುಂಚೆ ತಾಷ್ಕೆಂಟಿಗೆ ಹೋದವನು ಅಲ್ಲಿಂದ ಒಂದು ಬೆಲ್ಲು ತಂದ. ಒತ್ತಿದರೆ ಬುಲ್‌ಬುಲ್ ಹಕ್ಕಿಯ ಹಾಗೆ ಹಾಡುತ್ತದಂತೆ. ಓಣಿಯಲ್ಲಿ ಯಾರ ಮನೆಗೂ ಬೆಲ್ಲಿರಲಿಲ್ಲ, ಯಾಕೆಂದರೆ ಯಾರಿಗೂ ಬೇಕಿರಲಿಲ್ಲ. ಹೆಬ್ಬಾಗಿಲು ಹಗಲಿಡೀ ಸುಮ್ಮನೆ ಮುಂದಕ್ಕೆ ಹಾಕಿರುತ್ತದೆ. ಬಂದವರು ನೂಕಿಕೊಂಡು ಬರುತ್ತಾರೆ, "ಯಾರಿದ್ದೀರಾ?" ಎಂದು ಕೂಗುವ ಹೊತ್ತಿಗೆ ಅಂಗಳದ ನಡುವೆ ಇರುತ್ತಾರೆ. ಎರ್ಗಶ್ ಬಾಗಿಲ ಕಂಬಕ್ಕೆ ಬೆಲ್ಲು ಜಡಿದ. ಜಡಿದ ಮೇಲೆ ಜನ ಅದನ್ನು ಒತ್ತಬೇಕಲ್ಲ, ಅದಕ್ಕಾಗಿ ಬಾಗಿಲಿಗೆ ಒಳಗಡೆಯಿಂದ ಒಂದು ಕಬ್ಬಿಣದ ಅಗುಳಿಯನ್ನೂ ಹಾಕಿದ. ಆದರೂ ಓಣಿಯವರು ಬೆಲ್ಲಿನ ತಂಟೆಗೆ ಹೋಗಲಿಲ್ಲ. ಮುಷ್ಟಿಯಿಂದ ಕದ ಗುದ್ದಿ, "ಎರ್ಗಶ್‌ಬಾಯ್, ಸತ್ತ್ಯೇನೋ?" ಎಂದು ಕೂಗುತ್ತಿದ್ದರು. ಹಳ್ಳಿ ಮುಕ್ಕರು ಎಂದು ಎರ್ಗಶ್ ಅವರನ್ನು ಮನಸ್ಸಿನಲ್ಲೇ ಕ್ಷಮಿಸುತ್ತಿದ್ದ.

ಆ ವರ್ಷ ಹಬ್ಬಕ್ಕೆ ಅವನ ಅಣ್ಣ ತುರ್ಗುನ್ ಬರಲಿಲ್ಲ.

ತುರ್ಗುನ್ ಇದ್ದದ್ದು ಕೋಕಂದ್‌ನಲ್ಲಿ, ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಎಣ್ಣೆ ಗಿರಣಿಯಲ್ಲಿ ಮೇಸ್ತ್ರಿ. ಒಂದು ನವ್ರೂಜ್ ಕೂಡ ತಪ್ಪಿಸಿದವನಲ್ಲ. ಬೆಲ್ಲಿನ ಸುದ್ದಿ ಕೇಳಿಯೇ ಅವನಿಗೆ ಹೊಟ್ಟೆಕಿಚ್ಚು ಬಂದಿರಬೇಕು ಎಂದು ಎರ್ಗಶ್ ತೀರ್ಮಾನಿಸಿದ. ಮರುವರ್ಷವೂ ಅಣ್ಣ ಬರಲಿಲ್ಲ. ಹಣ್ಣಿನ ಕಾಲದಲ್ಲಿ ಬಸ್ಸಿನ ಡ್ರೈವರ್ ಕೈಯಲ್ಲಿ ತಾಯಿಗೆ ನಾಲ್ಕು ಕರಬೂಜ ಕಳಿಸುತ್ತಿದ್ದ, ಅದರ ಜೊತೆ "ಗಿರಣಿಯಲ್ಲಿ ಕೆಲಸ ಜಾಸ್ತಿ" ಎಂಬ ಒಂದು ಮಾತು. ಅಷ್ಟೇ.

ತಾಯಿ ಓಯ್‌ನಿಸಾ ಮಂಡಿ ನೋವಿನವಳು, ಬಸ್ಸು ಹತ್ತಲಾರಳು. ಹಬ್ಬ ಹತ್ತಿರ ಬಂದಾಗಲೆಲ್ಲ ಕಿರಿಯ ಮಗನನ್ನು ಕೇಳುತ್ತಿದ್ದಳು.

"ಹೋಗಿ ನಿನ್ನಣ್ಣನ್ನ ಕರಕೊಂಡು ಬಾರೋ."

"ಹೋಗ್ತೀನಮ್ಮ. ಮೊದಲು ಛಾವಣಿ ಒಂದು ಆಗಿಬಿಡ್ಲಿ. ಸೋರೋ ಮನೆಗೆ ಅಣ್ಣನ್ನ ಯಾವ ಮುಖ ಇಟ್ಕೊಂಡು ಕರೀಲಿ?"

ಛಾವಣಿ ಆಯಿತು. ಮರುವರ್ಷ ಜಗಲಿ ಬಾಕಿ ಇತ್ತು. ಜಗಲಿಯಾದ ಮೇಲೆ ಬಾವಿಕಟ್ಟೆ. ಬಾವಿಕಟ್ಟೆ ಮುಗಿಯುವಷ್ಟರಲ್ಲಿ ಛಾವಣಿ ಮತ್ತೆ ಸೋರಲು ಶುರುವಾಗಿತ್ತು. ಈ ನಡುವೆ ತಾಯಿಯ ಒಂದು ಕಣ್ಣು ಮಂಜಾಯಿತು, ಕಳೆದ ಚಳಿಗಾಲದಲ್ಲಿ ಇನ್ನೊಂದೂ ಹೋಯಿತು. ಡಾಕ್ಟರು ನೋಡಿ, ಇನ್ನು ಮಾಡುವಂಥದ್ದೇನಿಲ್ಲ ಎಂದರು. ಎರ್ಗಶ್‌ಗೆ ರಿಪೇರಿಗೆ ಸಿಗದೆ ಹೋದದ್ದು ಆ ಮನೆಯಲ್ಲಿ ಅದೊಂದೇ.

ಈ ವರ್ಷ ಒಂದು ವಿಶೇಷವಿತ್ತು. ಹಬ್ಬಕ್ಕೆ ಓಣಿಯವರೆಲ್ಲ ಸೇರಿ ಮೊಳಕೆ ಗೋಧಿಯ ಸುಮಲಾಕ್ ಪಾಯಸ ಕಾಯಿಸುವ ದೊಡ್ಡ ಕಡಾಯಿ ಈ ಸಲ ಎರ್ಗಶ್‌ನ ಅಂಗಳದಲ್ಲಿ ಎಂದು ಮೊಹಲ್ಲಾದ ಹಿರಿಯರು ತೀರ್ಮಾನಿಸಿದ್ದರು. ನೂರಾರು ಜನ ಬರುವ ಬಾಗಿಲು. ಆ ಬಾಗಿಲ ಬಣ್ಣ ಹೋಗಿ ಸಿಪ್ಪೆ ಎದ್ದಿತ್ತು. ಹಬ್ಬಕ್ಕೆ ಮೂರೇ ದಿನ ಉಳಿದಿತ್ತು.

"ಈ ಸಲನಾದ್ರೂ ತುರ್ಗುನ್‌ನ ಕರೀತೀಯಾ?" ಎಂದಳು ತಾಯಿ. ಜಗಲಿಯಲ್ಲಿ ಕೂತು ಮೊಳಕೆ ಗೋಧಿಯ ತಟ್ಟೆಗಳ ಮೇಲೆ ಕೈಯಾಡಿಸುತ್ತಿದ್ದಳು.

"ಬಾಗಿಲಿಗೆ ಬಣ್ಣ ಆದ ತಕ್ಷಣ ನಾನೇ ಹೋಗ್ತೀನಮ್ಮ. ನೀಲಿ ಬಣ್ಣ. ಅಂಚಿಗೆ ಕೆಂಪು."

"ನಂಗೆ ಬಣ್ಣ ಕಾಣಲ್ಲ ಕಣೋ."

"ನಿಮಗೆ ಕಾಣದಿದ್ರೆ ಏನಾಯ್ತು, ಅಣ್ಣಂಗೆ ಕಾಣುತ್ತಲ್ಲ!"

ಹೆಂಡತಿ ಮಸ್ತುರಾ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಜಾರಿಗೆ ಹೊರಟವಳು ಬಾಗಿಲಲ್ಲಿ ನಿಂತು ಹೇಳಿದಳು: "ಒಬ್ಬರನ್ನಾದ್ರೂ ಸಹಾಯಕ್ಕೆ ಕರೀರಿ. ಕೇಳಿದ್ರೆ ಓಣಿಯವರೆಲ್ಲ ಬರ್ತಾರೆ."

"ಅವರು ಬಂದ್ರೆ ಕೆಲಸ ಆಗಲ್ಲ ಮಾರಾಯ್ತಿ, ಬುದ್ಧಿವಾದ ಆಗುತ್ತೆ."

ಅವಳು ಹೋದಳು. ಎರ್ಗಶ್ ಕೆಲಸಕ್ಕೆ ಇಳಿದ. ಅವನು ಒಂದೊಂದನ್ನೂ ಯೋಚಿಸಿಯೇ ಮಾಡಿದ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಹೆಬ್ಬಾಗಿಲ ಎರಡೂ ಕದಗಳನ್ನು ಕೀಲಿನಿಂದ ಎತ್ತಿ ಹಿತ್ತಲಿಗೆ ಸಾಗಿಸಿದ, ಮಲಗಿಸಿ ಬಣ್ಣ ಹಚ್ಚಿದರೆ ಸೋರುವುದಿಲ್ಲ ಎಂದು. ಅಂಗಳದ ಎರಡು ಉದ್ದ ಬೆಂಚುಗಳನ್ನು ತಂದು ಬೀದಿಯಲ್ಲಿ ಗೋಡೆಗೆ ಹೊಂದಿಸಿ ಇಟ್ಟ, ಅವುಗಳ ಮೇಲೆ ಸುಣ್ಣ ಸಿಡಿಯಬಾರದು ಎಂದು. ಚಳಿಯಿತ್ತು, ಬಟ್ಟೆಯೂ ಹಾಳಾಗಬಾರದು, ಅದಕ್ಕೆ ಅಪ್ಪನ ಕಾಲದ ಹತ್ತಿ ತುಂಬಿದ ಕಪ್ಪು ನಿಲುವಂಗಿ ತೊಟ್ಟ. ಅದು ಜೋಲುತ್ತದೆಂದು ಸೊಂಟಕ್ಕೆ ಒಂದು ವಸ್ತ್ರ ಬಿಗಿದ. ಕೂದಲಿಗೆ ಸುಣ್ಣ ಬೀಳದಿರಲೆಂದು ಟೋಪಿ ಹಾಕಿದ. ಉದ್ದ ಕೋಲಿಗೆ ಕುಂಚ ಕಟ್ಟಿ ಬಾಗಿಲ ಕಮಾನಿಗೆ ಸುಣ್ಣ ಬಳಿಯಲು ಕತ್ತೆತ್ತಿದ. ಮೊದಲನೆಯ ಹನಿ ನೆಟ್ಟಗೆ ಎರಡೂ ಕಣ್ಣಿಗೆ ಬಿತ್ತು.

ಕುಂಚ ಕಳಚಿ ಎಲ್ಲೋ ಬಿತ್ತು. ಎರ್ಗಶ್ ಕೋಲೂರಿಕೊಂಡು ಬಾಗಿಲಲ್ಲಿ ನಿಂತು ಧಾರಾಕಾರವಾಗಿ ಕಣ್ಣೀರು ಸುರಿಸತೊಡಗಿದ.

ಮರ್ಗಿಲಾನಿನಲ್ಲಿ ಒಂದು ಮನೆಯ ಹೆಬ್ಬಾಗಿಲು ಹಾರು ಹೊಡೆದಿದ್ದರೆ, ಬೀದಿಗೆ ಬೆಂಚು ಬಂದಿದ್ದರೆ, ಮನೆಯ ಗಂಡಸು ನಿಲುವಂಗಿಯ ಮೇಲೆ ಸೊಂಟಕ್ಕೆ ವಸ್ತ್ರ ಬಿಗಿದು, ಟೋಪಿ ಹಾಕಿ, ಕೋಲೂರಿ ಅಳುತ್ತ ನಿಂತಿದ್ದರೆ, ಆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಅಂಬೆಗಾಲಿಡುವ ಕೂಸಿಗೂ ಇದು ಗೊತ್ತು. ಎರ್ಗಶ್‌ಗೂ ಗೊತ್ತಿತ್ತು, ಬೇರೆಯವರ ಬಾಗಿಲಲ್ಲಿ ಕಂಡಿದ್ದರೆ ತಕ್ಷಣ ಗುರುತಿಸುತ್ತಿದ್ದ. ಆದರೆ ಮನುಷ್ಯ ತನ್ನ ಬಾಗಿಲಲ್ಲಿ ತಾನೇ ನಿಂತಿರುವುದನ್ನು ಎದುರಿನಿಂದ ನೋಡಲಾರ.

ಮೊದಲು ಬಂದವನು ರೊಟ್ಟಿ ಅಂಗಡಿಯ ಮನ್ನಾನ್. ಸೈಕಲ್ ಮೇಲೆ ಹೋಗುತ್ತಿದ್ದವನು ಧುಮುಕಿ ಇಳಿದ. ಎರ್ಗಶ್‌ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ಬೆಂಚಿನಲ್ಲಿ ಕೂತ, ಅಂಗೈ ಮೇಲೆತ್ತಿ ಪ್ರಾರ್ಥನೆ ಹೇಳಿದ, ಮುಖ ಸವರಿಕೊಂಡ. ಬುಟ್ಟಿಯಿಂದ ಎರಡು ಬಿಸಿ ರೊಟ್ಟಿ ತೆಗೆದು ಬೆಂಚಿನ ಮೇಲಿಟ್ಟು ಹೊರಟುಹೋದ. ಒಂದು ಮಾತಿಲ್ಲ. ಯಾರು ಹೋದರು ಎಂದು ಬಾಗಿಲಲ್ಲಿ ನಿಂತು ಕೇಳುವುದು ಅಲ್ಲಿ ಮರ್ಯಾದಸ್ಥರ ಲಕ್ಷಣವಲ್ಲ. ಮನೆಯಲ್ಲಿ ವಯಸ್ಸಾದವಳು ಒಬ್ಬಳೇ ಇದ್ದಳು, ಕೇಳುವುದಾದರೂ ಏನು?

ಎರ್ಗಶ್‌ಗೆ ಹೃದಯ ತುಂಬಿ ಬಂತು. ಹೊಸ ಮನೆಗೆ, ಹೊಸ ಕೆಲಸಕ್ಕೆ, ಹೊಸ ಹಸುವಿಗೆ, ಎಲ್ಲಕ್ಕೂ ಅಂಗೈ ಎತ್ತಿ ಹರಸುವ ಊರದು. ಬಾಗಿಲಿಗೂ ಹರಸಿದರು ಎಂದುಕೊಂಡ. ಕಾಲು ಗಂಟೆಯಲ್ಲಿ ಎರಡು ಬೆಂಚೂ ತುಂಬಿದವು. ಬಂದವರೆಲ್ಲ ಕೈ ಹಿಡಿದರು, ಕೂತರು, ಹರಸಿದರು. ಕೆಲವರು ಕಣ್ಣೊರೆಸಿಕೊಂಡರು. ಒಂದು ಬಾಗಿಲಿಗೆ ಇಷ್ಟು ಅಭಿಮಾನವೇ ಎಂದು ಅವನಿಗೂ ಸ್ವಲ್ಪ ಆಶ್ಚರ್ಯವಾಯಿತು, ಆದರೆ ಅರ್ಹತೆಯಿಲ್ಲದ್ದು ಎಂದೇನೂ ಅನಿಸಲಿಲ್ಲ.

ಆಗ ಮೊಹಲ್ಲಾದ ಹಿರಿಯ ಖೋಲ್ಮತ್ ಅಜ್ಜ ಬಂದರು. ಓಣಿಯ ಮದುವೆ, ಮಸಣ, ಜಗಳ, ನಲ್ಲಿನೀರು ಎಲ್ಲವೂ ಅವರ ಕೈಯಲ್ಲಿ. ಓಣಿಗೊಂದರಂತಿದ್ದ ಫೋನು ಕೂಡ ಅವರ ಕಚೇರಿಯಲ್ಲೇ.

"ಗಟ್ಟಿಯಾಗಿರಪ್ಪ, ಎರ್ಗಶ್‌ಬಾಯ್."

"ಗಟ್ಟಿಯಾಗೇ ಇದ್ದೀನಿ ಅಜ್ಜ. ಕಣ್ಣಿಗೆ ಸುಣ್ಣ ಬಿತ್ತು, ಅಷ್ಟೇ."

"ನಾಚಿಕೋಬೇಡಪ್ಪ."

"ಹಂಗಲ್ಲ ಅಜ್ಜ, ನಿಜವಾಗ್ಲೂ ಸುಣ್ಣ..."

"ಗೊತ್ತಪ್ಪ, ಗೊತ್ತು. ನಂಗೂ ಒಂದ್ಸಲ ಹೀಗೇ ಕಣ್ಣಿಗೆ ಹೊಗೆ ಹೋಗಿತ್ತು." ಅಜ್ಜ ಅವನ ಭುಜ ತಟ್ಟಿದರು. "ಅಣ್ಣಂಗೆ ಸುದ್ದಿ ಮುಟ್ಟಿಸಿದ್ಯಾ?"

"ಇಲ್ಲ ಅಜ್ಜ. ಎಲ್ಲಾ ಮುಗಿದ ಮೇಲೆ ಹೇಳೋಣ ಅಂತ."

ಬೆಂಚಿನಲ್ಲಿದ್ದವರೆಲ್ಲ ಬೆಚ್ಚಿಬಿದ್ದರು. ಅಜ್ಜನ ಮುಖ ಬಿಳಿಚಿಕೊಂಡಿತು.

"ಮುಗಿದ ಮೇಲಾ? ಹಿರೀಮಗನಿಗೆ? ನೀನೇನು ಮನುಷ್ಯನೇನೋ?" ಎಂದವರೇ ಕಚೇರಿಯ ಕಡೆ ಓಡಿದರು. ಎಪ್ಪತ್ತೆಂಟರ ಅಜ್ಜ ಓಡುವುದನ್ನು ಓಣಿ ಅವತ್ತೇ ಮೊದಲು ನೋಡಿದ್ದು. ಗಿರಣಿಗೆ ಫೋನು ಮಾಡಿ, ಗೇಟಿನ ಕಾವಲುಗಾರನಿಗೆ, "ತುರ್ಗುನ್‌ಗೆ ಹೇಳಪ್ಪ, ಇದ್ದ ಹಾಗೇ ತಾಯಿ ಮನೆಗೆ ಹೊರಟು ಬರಲಿ, ಮನಸ್ಸು ಗಟ್ಟಿ ಮಾಡ್ಕೊಳ್ಳಲಿ" ಎಂದು ಹೇಳಿದರು. ಹಾಗೇ ಗೋರಿ ತೋಡುವವನಿಗೂ ಹೇಳಿಕಳಿಸಿದರು.

ಹೆಂಗಸರು ಬಂದದ್ದು ಒಂದು ಗಂಟೆ ತಡವಾಗಿ, ಒಲೆಯ ಮೇಲಿನದನ್ನು ಇಳಿಸಿ. ಮುಂದಾಳು ಪಕ್ಕದ ಮನೆಯ ಬಶೋರತ್. ಸಾವಿನ ಮನೆಯಲ್ಲಿ ರಾಗ ತೆಗೆದು ಅಳುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ದೂರದ ಮೊಹಲ್ಲಾಗಳಿಂದಲೂ ಕರೆ ಬರುತ್ತಿತ್ತು. ಅಂಗಳಕ್ಕೆ ಕಾಲಿಟ್ಟು, ಎದೆ ತುಂಬ ಉಸಿರೆಳೆದು, "ಅಯ್ಯೋ ನನ್ನ ಓಯ್..." ಎಂದು ಶುರು ಮಾಡಿದವಳಿಗೆ ಓಯ್‌ನಿಸಾ ಜಗಲಿಯ ಮೇಲೆ ಕೂತು ಗೋಧಿ ಮೊಳಕೆಗೆ ನೀರು ಚಿಮುಕಿಸುತ್ತಿರುವುದು ಕಾಣಿಸಿತು. ರಾಗ ಗಂಟಲಲ್ಲೇ ಕೂತಿತು.

"ಯಾರು, ಬಶೋರತ್ತಾ? ಬಾ ಬಾ, ಮೊಳಕೆ ಮುಟ್ಟಿ ನೋಡು, ಎಷ್ಟು ಚೆನ್ನಾಗಿ ಬಂದಿದೆ" ಎಂದಳು ಮುದುಕಿ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಪಿಸಿಪಿಸಿ ಶುರುವಾಯಿತು. ಹಾಗಾದರೆ ಹೋದದ್ದು ಯಾರು? ಮಸ್ತುರಾಳನ್ನು ಈಗಷ್ಟೇ ಬಜಾರಿನಲ್ಲಿ ನೋಡಿದೆ ಎಂದಳು ಒಬ್ಬಳು. ಮಕ್ಕಳೂ ಜೊತೆಗಿದ್ದವು ಎಂದಳು ಇನ್ನೊಬ್ಬಳು. ಎರ್ಗಶ್ ಬಾಗಿಲಲ್ಲಿ ನಿಂತಿದ್ದಾನೆ. ಉಳಿದದ್ದು ಒಬ್ಬನೇ. ಲೆಕ್ಕ ಸರಿಹೋಯಿತು. ಬಶೋರತ್ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಪಾಪ, ಈ ಕುರುಡಿಗೆ ಯಾರೂ ಹೇಳಿಲ್ಲ ಎಂದು ಎಲ್ಲರೂ ಹೋಗಿ ಅವಳನ್ನು ತಬ್ಬಿಕೊಂಡರು. ಹೇಳದೆ ಇರುವುದೇ ಒಳ್ಳೆಯದೆಂದು ಅವರ ಭಾವನೆ.

ಕಣ್ಣು ಹೋದವಳಿಗೆ ಕೈ ಇತ್ತಲ್ಲ. ಓಯ್‌ನಿಸಾ ಒಬ್ಬೊಬ್ಬರ ಕೆನ್ನೆ ಮುಟ್ಟಿದಳು. ಎಲ್ಲ ಒದ್ದೆ.

"ಏನಾಯ್ತ್ರೇ? ಯಾರಿಗೇನಾಯ್ತು?"

ಯಾರೂ ಮಾತಾಡಲಿಲ್ಲ.

"ತುರ್ಗುನ್‌ಗಾ?"

ಆಗಲೂ ಯಾರೂ ಮಾತಾಡಲಿಲ್ಲ. ಆ ಮುದುಕಿ ಕೂಗಿದ ಕೂಗನ್ನು ಬಶೋರತ್ ತನ್ನ ನಲವತ್ತು ವರ್ಷದ ಅನುಭವದಲ್ಲಿ ಕೇಳಿರಲಿಲ್ಲ.

ಎರ್ಗಶ್ ಕೋಲು ಹಿಡಿದೇ ಒಳಗೆ ಓಡಿದ. ತಾಯಿ ಗೋಧಿ ಮೊಳಕೆಯ ಮೇಲೆ ಬೋರಲು ಬಿದ್ದು, "ನನ್ನ ಮಗ, ಬಾಗಿಲಿಗೆ ಬರದೇ ಹೋದ್ಯಲ್ಲೋ" ಎಂದು ಹಾಡಿಕೊಂಡು ಅಳುತ್ತಿದ್ದಳು.

"ನಿಮ್ಮಣ್ಣ..." ಎಂದು ಬಶೋರತ್ ಅವನ ಕೈ ಹಿಡಿದಳು.

ಎರ್ಗಶ್‌ಗೆ ಎಲ್ಲ ಒಮ್ಮೆಗೇ ಅರ್ಥವಾಯಿತು. ಅರ್ಥವಾದದ್ದು ಪೂರಾ ತಪ್ಪು ಎಂಬುದು ಬೇರೆ ಮಾತು. ಓಣಿಯವರು ಬಂದದ್ದು ಬಾಗಿಲಿಗಲ್ಲ. ಅವರಿಗೆ ಕೋಕಂದ್‌ನಿಂದ ಸುದ್ದಿ ಬಂದಿದೆ, ತನಗೆ ಹೇಳಲಾರದೆ ಕೈ ಹಿಡಿದು ಕೂತಿದ್ದಾರೆ. ಅಜ್ಜ ಗಟ್ಟಿಯಾಗಿರು ಎಂದದ್ದು ಅದಕ್ಕೆ! ಅವನಿಗೆ ಛಾವಣಿ ನೆನಪಾಯಿತು, ಜಗಲಿ, ಬಾವಿಕಟ್ಟೆ ನೆನಪಾದವು. ಒಂದೂವರೆ ಗಂಟೆಯ ದಾರಿ, ಆರು ವರ್ಷದಲ್ಲಿ ಒಂದು ಸಲ ಬಸ್ಸು ಹತ್ತಲು ತನ್ನಿಂದ ಆಗಲಿಲ್ಲ. ಬಣ್ಣ ಒಣಗಲಿ ಎಂದು ಕಾಯುತ್ತಿದ್ದೆ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಅವನು ಮತ್ತೆ ಹೊರಗೆ ಬಂದು, ಅದೇ ಬಾಗಿಲಲ್ಲಿ, ಅದೇ ಕೋಲೂರಿ ನಿಂತುಕೊಂಡ. ಆದರೆ ಈಗ "ಅಣ್ಣಾ, ಅಣ್ಣಾ" ಎಂದು ಬಾಯಿಬಿಟ್ಟು ಅಳುತ್ತಿದ್ದ. ಬೆಂಚಿನವರು ಇದನ್ನು ಕೇಳಿ, ಸತ್ತವರನ್ನು ಮನಸ್ಸಿನಲ್ಲೇ ಬದಲಾಯಿಸಿಕೊಂಡು ಪ್ರಾರ್ಥನೆಯನ್ನು ಮತ್ತೆ ಮೊದಲಿನಿಂದ ಹೇಳಿದರು. ಖೋಲ್ಮತ್ ಅಜ್ಜನಿಗೆ ಮಾತ್ರ ಸಿಟ್ಟು ಬಂತು. "ಆ ಗಿರಣಿ ಕಾವಲುಗಾರ ಎಂಥ ಅವಿವೇಕಿ! ಸತ್ತವನಿಗೆ ಸುದ್ದಿ ಮುಟ್ಟಿಸ್ತೀನಿ ಅಂದನಲ್ಲ!"

ಇಪ್ಪತ್ತು ನಿಮಿಷ ಹೀಗೆ ಹೋಯಿತು. ಒಳಗೆ ತಾಯಿ, ಹೊರಗೆ ಮಗ. ಆಮೇಲೆ ಓಣಿಯ ತುದಿಯಲ್ಲಿ ಒಂದು ಲಾರಿ ನಿಂತಿತು. ಅದರಿಂದ ಒಬ್ಬ ಬಿಳಿ ಗಡ್ಡದವನು ಇಳಿದು, "ಅಮ್ಮಾ" ಎಂದು ಕೂಗುತ್ತ ಓಡಿಬಂದ. ಎರ್ಗಶ್ ಬಂದವರನ್ನೆಲ್ಲ ತಬ್ಬಿಕೊಳ್ಳುವ ಹಾಗೆ ಅವನನ್ನೂ ಮುಖ ನೋಡದೆ ತಬ್ಬಿಕೊಂಡ.

"ಅಮ್ಮ ಹೋಗಿಬಿಟ್ರೇನೋ" ಎಂದು ಬಂದವನು ಅವನ ಹೆಗಲ ಮೇಲೆ ಅತ್ತ.

"ನಮ್ಮಣ್ಣ ಹೋಗಿಬಿಟ್ರು" ಎಂದು ಎರ್ಗಶ್ ಬಂದವನ ಹೆಗಲ ಮೇಲೆ ಅತ್ತ.

ಇಬ್ಬರೂ ಸಾಕಷ್ಟು ಹೊತ್ತು ಅತ್ತರು. ಮೊದಲು ನಿಲ್ಲಿಸಿದವನು ತುರ್ಗುನ್.

"ಯಾವ ಅಣ್ಣ?" ಎಂದ.

ಎರ್ಗಶ್ ತಲೆ ಎತ್ತಿ ನೋಡಿದ. ಕೋಲು ಕೈಯಿಂದ ಬಿತ್ತು. ಬೆಂಚಿನಲ್ಲಿದ್ದ ಇಬ್ಬರು ಪ್ರಾರ್ಥನೆಯನ್ನು ಇನ್ನೂ ಜೋರಾಗಿ ಹೇಳತೊಡಗಿದರು, ಈ ಸಲ ತಮ್ಮ ರಕ್ಷಣೆಗೆ.

"ಅಮ್ಮ?" ಎಂದ ತುರ್ಗುನ್.

"ಒಳಗಿದ್ದಾರೆ. ನಿಮಗೋಸ್ಕರ ಅಳ್ತಿದ್ದಾರೆ."

ತುರ್ಗುನ್ ಒಳಗೆ ನುಗ್ಗಿದ. ಹೆಂಗಸರು ಕಿಟಾರನೆ ಕಿರುಚಿ ಚೆಲ್ಲಾಪಿಲ್ಲಿಯಾದರು, ಬಶೋರತ್ ಬಾವಿಕಟ್ಟೆ ಹತ್ತಿ ನಿಂತಳು. ಓಯ್‌ನಿಸಾ ಮಾತ್ರ ಅಳು ನಿಲ್ಲಿಸಿ, ಹೆಜ್ಜೆ ಸಪ್ಪಳ ಬಂದ ಕಡೆ ಮುಖ ತಿರುಗಿಸಿದಳು. ಅಷ್ಟು ಜನರ ಗಲಾಟೆಯಲ್ಲಿ ಆ ಹೆಜ್ಜೆಯನ್ನು ಹೇಗೆ ಗುರುತು ಹಿಡಿದಳೋ. ಹತ್ತಿರ ಬಂದವನ ಕೆನ್ನೆಗೆ ಒಂದು ಬಾರಿಸಿದಳು, ಆಮೇಲೆ ಅದೇ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಹೊರಗೆ ವಿಚಾರಣೆ ಶುರುವಾಗಿತ್ತು.

"ಯಾರೂ ಸತ್ತಿಲ್ವಾ?" ಎಂದರು ಖೋಲ್ಮತ್ ಅಜ್ಜ.

"ಇಲ್ಲ ಅಜ್ಜ."

"ಮತ್ತೆ ಬೆಂಚು ಯಾಕೋ ಬೀದಿಗೆ ಹಾಕ್ದೆ?"

"ಸುಣ್ಣ ಸಿಡಿಯುತ್ತೆ ಅಂತ."

"ಸೊಂಟಕ್ಕೆ ವಸ್ತ್ರ?"

"ಅಂಗಿ ಜೋಲುತ್ತೆ ಅಂತ."

"ಅಷ್ಟೊಂದು ಯಾಕೋ ಅತ್ತೆ?"

"ಮೊದಲು ಸುಣ್ಣಕ್ಕೆ ಅತ್ತಿದ್ದು. ಆಮೇಲೆ ನಿಜವಾಗ್ಲೂ ಅತ್ತಿದ್ದು."

ಮನ್ನಾನ್ ಮುಂದೆ ಬಂದು ತನ್ನ ಎರಡು ರೊಟ್ಟಿಯನ್ನು ವಾಪಸ್ ಎತ್ತಿಕೊಂಡ. ಗೋರಿ ತೋಡುವವನು ಗುದ್ದಲಿ ಹೊತ್ತು ಬಂದು, "ಮೊಣಕಾಲುದ್ದ ಆಗಿದೆ, ಏನ್ ಮಾಡ್ಲಿ?" ಎಂದು ಕೇಳಿದ. ಅಜ್ಜ ಎರ್ಗಶ್‌ನ ಕಡೆ ಒಂದು ಸಲ ಆಸೆಯಿಂದ ನೋಡಿ, "ಮುಚ್ಚು" ಎಂದರು. ಜನ ಬೈಯುತ್ತ, ನಗುತ್ತ ಚದುರಿದರು.

ಅಣ್ಣ ತಮ್ಮಂದಿರು ಖಾಲಿ ಬೆಂಚಿನ ಮೇಲೆ ಕೂತರು.

"ಅಮ್ಮ ಸತ್ತಿದ್ದಾರೆ ಅಂದ್ರೆ ಓಡಿಬಂದ್ರಿ" ಎಂದ ಎರ್ಗಶ್. "ಬದುಕಿದ್ದಾಗ ಆರು ವರ್ಷ ಯಾಕೆ ಬರಲಿಲ್ಲ?"

"ಬಂದಿದ್ದೆನಲ್ಲ."

"ಯಾವಾಗ?"

"ಆರು ವರ್ಷದ ಹಿಂದೆ, ಹಬ್ಬದ ದಿನ. ನಿನ್ನ ಅತ್ತಿಗೆ ಮಾಡಿದ ಸಿಹಿ ಬುಟ್ಟಿ ತುಂಬ ತಂದಿದ್ದೆ. ಬಾಗಿಲು ನೂಕಿದೆ, ಒಳಗಿಂದ ಅಗುಳಿ. ನಮ್ಮಪ್ಪನ ಮನೆ ಬಾಗಿಲಿಗೆ ಅಗುಳಿ ನಾನು ನೋಡಿದ್ದು ಅವತ್ತೇ. ಬೆಲ್ಲು ಕಾಣಿಸ್ತು. ಸರಿ, ತಮ್ಮ ದೊಡ್ಡ ಮನುಷ್ಯ ಆಗಿದ್ದಾನೆ ಅಂತ ಒತ್ತಿದೆ. ಮೂರು ಸಲ. ಒಳಗೆ ನೀವೆಲ್ಲ ನಗ್ತಿದ್ದಿದ್ದು ಕೇಳಿಸ್ತಿತ್ತು. ಯಾರೂ ತೆಗೀಲಿಲ್ಲ."

"ಕದ ಗುದ್ದಬಾರದಿತ್ತಾ? ಎಲ್ಲರೂ ಗುದ್ದುತ್ತಾರೆ!"

"ಹೊರಗಿನವರು ಗುದ್ದುತ್ತಾರೆ ಕಣೋ. ನಾನು ಹುಟ್ಟಿದ ಮನೆ ಬಾಗಿಲು ನಾನ್ಯಾಕೆ ಗುದ್ದಲಿ? ಬುಟ್ಟಿ ಹಿಡಕೊಂಡು ಬಸ್ ಸ್ಟಾಂಡಿಗೆ ವಾಪಸ್ ಹೋದೆ. ನೀವು ಕರೆದ್ರೆ ಬರೋಣ ಅಂತ ಕಾದೆ."

ಎರ್ಗಶ್ ಎದ್ದು ಕಂಬದ ಹತ್ತಿರ ಹೋಗಿ ಬೆಲ್ಲು ಒತ್ತಿದ. ಸದ್ದಿಲ್ಲ. ಇನ್ನೊಂದು ಸಲ ಒತ್ತಿದ. ಕಂಬದ ಹಿಂದೆ ಕೈ ಹಾಕಿ ವೈರು ಹಿಡಿದುಕೊಂಡು ಹೋದ. ಅದು ಗೋಡೆಯುದ್ದಕ್ಕೂ ಅಚ್ಚುಕಟ್ಟಾಗಿ ಮೊಳೆ ಹೊಡೆದುಕೊಂಡು ಹೋಗಿ, ಜಗಲಿಯ ಮೂಲೆಯಲ್ಲಿ ನಿಂತಿತ್ತು. ತುದಿಗೆ ಒಂದು ಚಿಂದಿ ಬಟ್ಟೆ ಸುತ್ತಿತ್ತು. ಅದನ್ನು ಸುತ್ತಿದವನು ಅವನೇ. ಹಬ್ಬದ ಗಡಿಬಿಡಿ ಮುಗಿಯಲಿ, ಆಮೇಲೆ ಕರೆಂಟು ಕೊಟ್ಟರಾಯಿತು ಎಂದುಕೊಂಡಿದ್ದ. ಹ್ಯಾಗೂ ಯಾರೂ ಒತ್ತುವುದಿಲ್ಲವಲ್ಲ ಎಂದು ಆಮೇಲೆ ಮರೆತಿದ್ದ. ಇಡೀ ಓಣಿಯಲ್ಲಿ ಅದನ್ನು ಒತ್ತಿದವನು ಒಬ್ಬನೇ.

ಅವನು ಆ ಚಿಂದಿಯನ್ನು ಕೈಯಲ್ಲಿ ಹಿಡಿದು ಜಗಲಿಯ ಅಂಚಿನಲ್ಲಿ ಕುಸಿದು ಕೂತ. ತುರ್ಗುನ್ ಬಂದು ನೋಡಿದ. ಬೈಯಲು ಬಾಯಿ ತೆರೆದ, ಆಮೇಲೆ ಬೇಡವೆನಿಸಿತೇನೋ, ತಾಯಿಯ ಪಕ್ಕದಲ್ಲಿ ಹೋಗಿ ಕೂತುಕೊಂಡ.

ಓಯ್‌ನಿಸಾ ಹಿರಿಯ ಮಗನ ಮುಖವನ್ನು ಬೆರಳಿನಿಂದ ಮೆಲ್ಲಗೆ ಓದುತ್ತಿದ್ದಳು. ಹಣೆ, ಮೂಗು, ಕೆನ್ನೆಯ ಗುಳಿ. ಗಡ್ಡದ ಹತ್ತಿರ ಬಂದು ಕೈ ನಿಂತಿತು.

"ಗಡ್ಡ ಬಿಟ್ಟಿದ್ದೀಯ. ಬೆಳ್ಳಗಾಗಿದೆಯೇನೋ?"

"ಇಲ್ಲಮ್ಮ, ಕಪ್ಪಗಿದೆ" ಎಂದ ತುರ್ಗುನ್.

"ನಿನ್ನ ಮಾತು ಬೇಡ. ಎರ್ಗಶ್, ನೀನು ಹೇಳು. ಬಣ್ಣದ ಕಸುಬಿನವನು ನೀನು. ನಿನ್ನಣ್ಣನ ಗಡ್ಡ ಯಾವ ಬಣ್ಣ?"

ಎರ್ಗಶ್ ಅಣ್ಣನ ಗಡ್ಡ ನೋಡಿದ. ಅದರಲ್ಲಿ ಒಂದು ಕಪ್ಪು ಎಳೆ ಉಳಿದಿರಲಿಲ್ಲ. ಆರು ವರ್ಷದ ಹಿಂದೆ ಒಂದು ಬಿಳಿ ಎಳೆಯೂ ಇರಲಿಲ್ಲ, ಆಗ ತಾಯಿಗೆ ಎರಡೂ ಕಣ್ಣಿತ್ತು.

"ಕಪ್ಪಗಿದೆ ಅಮ್ಮ. ಅವತ್ತಿದ್ದ ಹಾಗೇ."

ಓಯ್‌ನಿಸಾ ಆ ಗಡ್ಡವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಸ್ವಲ್ಪ ಹೊತ್ತು ತಿಕ್ಕಿದಳು.

"ನರೆತ ಕೂದಲು ಬಿರುಸು ಕಣೋ, ಕೈಗೆ ಗೊತ್ತಾಗುತ್ತೆ" ಎಂದಳು. "ಆದರೂ ಕಪ್ಪಗಿದೆ ಅಂತ ಇನ್ನೊಂದು ಸಲ ಹೇಳು."

"ಕಪ್ಪಗಿದೆ ಅಮ್ಮ" ಎಂದ ಎರ್ಗಶ್.